ಮಾಸ್ತರಿಗೆ ಮಾಡಿದ ಚಾಕಲೇಟ್ ಗಂಜಿ

ಗುಡಗೇರಿಯ ರೈಲು ನಿಲ್ದಾಣದಿಂದ ಸಂತೆ ಕೂಡುವ ಬಯಲಿಗೆ ಹೋಗುವ ದಾರಿಯಲ್ಲಿ ಸಂಗನಬಸವನ ಹಿಟ್ಟಿನ ಗಿರಣಿ ಇದೆ. ಗಿರಣಿಯ ಹಿಂದೆಯೇ ಮನೆ. ಬೆಳಿಗ್ಗೆ ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತವರಿಗೆ ಹಿಟ್ಟಿನ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಬರುತ್ತದೆ. ಮೊದಮೊದಲು ಜನ ಏನೋ ಹೊತ್ತಿತು ಎಂದು ಗಿರಣಿಯ ಪಟ್ಟಾ ಮುಟ್ಟಿ ನೋಡುತ್ತಿದ್ದರು. ಈಗ ಯಾರೂ ನೋಡುವುದಿಲ್ಲ. ಸಂಗನಬಸವನ ಹೆಂಡತಿ ಶಿವಗಂಗವ್ವ ಒಳಗೆ ಚಾಕಲೇಟ್ ಕರಗಿಸುತ್ತಿದ್ದಾಳೆ ಎಂದು ಎಲ್ಲರಿಗೂ ಗೊತ್ತು.

ಆಕೆಗೀಗ ನಲವತ್ತೊಂಬತ್ತು. ತವರು ಅಣ್ಣಿಗೇರಿ. ಆರನೆಯ ತರಗತಿಗೆ ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳಿಸಿದರು. ಹದಿನೆಂಟಕ್ಕೆ ಇಲ್ಲಿಗೆ ಸೊಸೆಯಾಗಿ ಬಂದಳು. ಒಬ್ಬಳೇ ಮಗಳು, ಕಲಘಟಗಿಗೆ ಕೊಟ್ಟಿದ್ದಾರೆ. ಹೋಳಿಗೆ, ಕರಿಗಡಬು, ಶೇಂಗಾ ಉಂಡಿ ಚೆನ್ನಾಗಿ ಮಾಡುತ್ತಾಳೆ ಎಂಬ ಹೆಸರು ಓಣಿಯಲ್ಲಿತ್ತು. ಕೇಕು ಎಂಬುದನ್ನು ಮಾತ್ರ ಆಕೆ ಬೇರೆಯವರ ಮನೆಯ ಹುಟ್ಟುಹಬ್ಬದಲ್ಲಿ ಎರಡು ಮೂರು ಸಲ ನೋಡಿದ್ದಳು. ತತ್ತಿ ಹಾಕಿರುತ್ತಾರೆ ಎಂದು ತಿಂದಿರಲಿಲ್ಲ.

ಲಾಕ್‌ಡೌನ್ ಬಂದ ವರ್ಷ ಬಾಜು ಮನೆಯ ನಾಜಿಮಾ ಒಂದು ಮಧ್ಯಾಹ್ನ ಆಕೆಯ ಅಡುಗೆಮನೆಗೆ ಬಂದಳು. ನಾಜಿಮಾ ಜಂಪರು ಹೊಲಿಯುವವಳು. ಅವಳ ಮಗಳಿಗೆ ಮರುದಿನ ಹತ್ತು ತುಂಬುವುದಿತ್ತು. ಹುಬ್ಬಳ್ಳಿಯ ಬೇಕರಿಗಳು ಮುಚ್ಚಿದ್ದವು, ಬಸ್ಸೂ ಇರಲಿಲ್ಲ. ಹುಡುಗಿ ಬೆಳಿಗ್ಗೆಯಿಂದ ಅಳುತ್ತಿದ್ದಳು. ನಾಜಿಮಾಳ ಫೋನಿನಲ್ಲಿ ಕುಕ್ಕರಿನಲ್ಲಿ ಚಾಕಲೇಟ್ ಕೇಕು ಮಾಡುವ ವಿಡಿಯೋ ಇತ್ತು. ಅವಳ ಮನೆಯಲ್ಲಿ ಗ್ಯಾಸು ಮುಗಿದಿತ್ತು.

"ಅಕ್ಕಾ, ನಿಮ್ಮ ಒಲಿ ಮ್ಯಾಲ ಮಾಡ್ಲೇನು?" ಎಂದು ಕೇಳಿದಳು.

"ತತ್ತಿ ಹಾಕಂಗಿಲ್ಲ ಅಂದ್ರ ಮಾಡು" ಎಂದಳು ಶಿವಗಂಗವ್ವ.

ತತ್ತಿಯ ಬದಲು ಮೊಸರು ಹಾಕಿದರು. ಕುಕ್ಕರಿನ ಸೀಟಿ, ರಬ್ಬರು ತೆಗೆದು ತಳಕ್ಕೆ ಉಪ್ಪು ಹಾಸಿ ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟರು. ಕೇಕು ತಳದಲ್ಲಿ ಸೀದಿತ್ತು, ನಡುವೆ ಹಸಿಯಾಗಿತ್ತು. ಮೇಲಿನ ಎರಡು ಬೆರಳಿನಷ್ಟನ್ನು ಕೊಯ್ದು ಹುಡುಗಿಯ ಮುಂದಿಟ್ಟರು. ಅವಳು ಅಷ್ಟಕ್ಕೇ ಕುಣಿದಳು. ನಾಜಿಮಾಳಿಗೆ ಅಲ್ಲಿಗೆ ಕೆಲಸ ಮುಗಿದಿತ್ತು. ಶಿವಗಂಗವ್ವನಿಗೆ ಮುಗಿದಿರಲಿಲ್ಲ.

"ರೊಟ್ಟಿ ಬರ್ತಾವು, ಹೋಳಿಗಿ ಬರ್ತಾವು. ಇದ್ಯಾಕ ಬರಂಗಿಲ್ಲ?" ಎಂದು ಆಕೆ ಗಂಡನಿಗೆ ಕೇಳಿದಳು. 

ಆ ತಿಂಗಳಲ್ಲಿ ಆಕೆ ಹನ್ನೊಂದು ಕೇಕು ಮಾಡಿದಳು. ಕೆಟ್ಟವನ್ನೆಲ್ಲ ಹಿಟ್ಟು ಬೀಸಿಸಲು ಬಂದವರು ತಿಂದರು. ಉರಿ ಎಷ್ಟಿರಬೇಕು, ಮುಚ್ಚಳ ಎಷ್ಟು ಹೊತ್ತು ತೆಗೆಯಬಾರದು, ಕೋಕೋ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿದರೆ ಹೇಗೆ, ತಣ್ಣೀರಿನಲ್ಲಾದರೆ ಹೇಗೆ ಎಂಬುದೆಲ್ಲ ಒಂದೊಂದಾಗಿ ಕೈಗೆ ಬಂತು. ಹನ್ನೆರಡನೆಯದನ್ನು ಕೊಯ್ದಾಗ ಒಳಗೆಲ್ಲ ಒಂದೇ ಸಮ ಬೆಂದಿತ್ತು, ಒತ್ತಿದರೆ ಮತ್ತೆ ಮೇಲೇಳುತ್ತಿತ್ತು. ಆಕೆ ಮೊದಲ ತುಂಡನ್ನು ತಾನೇ ತಿಂದಳು.

ತತ್ತಿ ಇಲ್ಲದ ಕೇಕು ಗುಡಗೇರಿಯಲ್ಲೇ ಸಿಗುತ್ತದೆ ಎಂದು ಗೊತ್ತಾದ ಮೇಲೆ ಜನ ಬರತೊಡಗಿದರು. ಹುಟ್ಟುಹಬ್ಬಗಳು ಮೊದಲು ಬಂದವು. ಆಮೇಲೆ ಬಸುರಿಯ ಕುಬಸಕ್ಕೆ, ಕೂಸನ್ನು ತೊಟ್ಟಿಲಿಗೆ ಹಾಕುವುದಕ್ಕೆ, ಹೊಸ ಟ್ರ್ಯಾಕ್ಟರಿನ ಪೂಜೆಗೆ, ಪೋಸ್ಟ್‌ಮ್ಯಾನ್ ನಿವೃತ್ತಿಯಾದ ದಿನಕ್ಕೆ. ಬೋರಿಗೆ ನೀರು ಬಿದ್ದದ್ದಕ್ಕೂ ಒಬ್ಬ ಕೇಕು ಮಾಡಿಸಿದ. ಬೇಸಿಗೆಯಲ್ಲಿ ಕೆನೆ ನಿಲ್ಲುತ್ತಿರಲಿಲ್ಲ. ಕರೆಂಟು ಹೋದರೆ ಫ್ರಿಜ್ಜಿನೊಳಗೂ ಇಳಿದುಬಿಡುತ್ತಿತ್ತು. ಅದಕ್ಕೆ ಆಕೆ ಕೆನೆ ಬಿಟ್ಟು ಕರಗಿಸಿದ ಚಾಕಲೇಟನ್ನೇ ಮೇಲಿನಿಂದ ಸುರಿದು ಗಟ್ಟಿಯಾಗಲು ಬಿಡುತ್ತಿದ್ದಳು. ಬಾಣಂತಿಯ ಅಂಟಿನ ಉಂಡಿಗೆ ಕೋಕೋ ಬೆರೆಸಿ ಕೊಟ್ಟಾಗ ಅತ್ತೆಯಂದಿರು ಗೊಣಗಿದರು. ಗೊಣಗಿ ಎರಡೆರಡು ತಿಂದರು. ಹೋಳಿಗೆಯ ಹೂರಣಕ್ಕೆ ಹಾಕಿದ್ದನ್ನು ಮಾತ್ರ ಯಾರೂ ಒಪ್ಪಲಿಲ್ಲ. ಅದನ್ನು ಕೈಬಿಟ್ಟಳು.

ಕೇಕಿನ ಮೇಲೆ ಹೆಸರು, ಹಾರೈಕೆ ಬರೆಯುವ ಕೆಲಸ ಆಕೆಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗಿತ್ತು. ಶಾಲೆ ಬಿಟ್ಟ ಮೇಲೆ ಆಕೆ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆದಿರಲಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಸುರುಳಿ ಸುತ್ತಿ, ತುದಿ ಕತ್ತರಿಸಿ, ಬಿಳಿ ಚಾಕಲೇಟು ತುಂಬಿ, ಉಸಿರು ಹಿಡಿದು ಬರೆಯುತ್ತಿದ್ದಳು.

ಎರಡು ವರ್ಷದ ನಂತರ ಫೆಬ್ರುವರಿಯಲ್ಲಿ ಹತ್ತನೆಯ ತರಗತಿಯ ಮಕ್ಕಳ ಬೀಳ್ಕೊಡುಗೆ ಇತ್ತು. ಮಕ್ಕಳೇ ಸೇರಿ ಆಕೆಗೆ ದೊಡ್ಡ ಕೇಕು ಹೇಳಿದ್ದರು. ಆಕೆ ಅದನ್ನು ತಾನೇ ತಂದು ಮೇಜಿನ ಮೇಲಿಟ್ಟು ಬದಿಗೆ ನಿಂತಳು. ಅತಿಥಿಯಾಗಿ ಅಮೋಘಸಿದ್ದಪ್ಪ ಮಾಸ್ತರು ಬಂದಿದ್ದರು. ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರು. ಅವರು ಕನ್ನಡಕ ಏರಿಸಿ ಕೇಕಿನ ಮೇಲೆ ಬಾಗಿದರು.

"ಶುಭಾಷಯಗಳು" ಎಂದು ಗಟ್ಟಿಯಾಗಿ ಓದಿದರು. "ಯಾರು ಬರದಾರ ಇದನ್ನ?"

"ನಾನ್ರೀ ಸರ" ಎಂದಳು ಶಿವಗಂಗವ್ವ.

"ಎಷ್ಟನೇತ್ತ ಕಲ್ತಿ?"

"ಆರನೇತ್ತ ರೀ."

"ಶುಭ, ಆಶಯ. ಎರಡೂ ಕೂಡಿದ್ರ ಶುಭಾಶಯ. ಶಾಲಿಯ ಶ ಅದು. ನೀ ಬರದದ್ದು ಯಾವ ಭಾಷಾನೂ ಅಲ್ಲ." ಅವರು ಮಕ್ಕಳ ಕಡೆ ತಿರುಗಿದರು. "ಕೇಕ್ ತಿನ್ರಿ, ಬ್ಯಾಡ ಅನ್ನಂಗಿಲ್ಲ. ಅದರ ಜೋಡಿ ಕನ್ನಡಾನೂ ತಿಂದು ಮುಗಸಬ್ಯಾಡ್ರಿ."

ಮಕ್ಕಳು ನಕ್ಕರು. ಶಿಕ್ಷಕರೂ ನಕ್ಕರು. ಆಕೆಯೂ ನಗಬೇಕಾಯಿತು. ಮಾಸ್ತರ ಮುಂದೆ ಹಿಡಿದ ತುಂಡನ್ನು ಅವರು ಕೈ ಅಡ್ಡ ಮಾಡಿ ಬೇಡವೆಂದರು.

ಮನೆಗೆ ಬಂದು ಆಕೆ ಗಂಡನಿಗೆ ಹೇಳಿದ್ದು ಇಷ್ಟೇ: "ತಿಂದು ಕೆಟ್ಟದೈತಿ ಅಂದಿದ್ರ ನಡೀತಿತ್ತು. ತಿನ್ನಲೇ ಇಲ್ಲ ಅಂವ."

ಆವತ್ತಿನಿಂದ ಆಕೆ ಕೇಕಿನ ಮೇಲೆ ಕನ್ನಡ ಬರೆಯುವುದನ್ನು ನಿಲ್ಲಿಸಿದಳು. ಹುಬ್ಬಳ್ಳಿಯಿಂದ ಇಂಗ್ಲಿಷಿನ ಪ್ಲಾಸ್ಟಿಕ್ ಅಕ್ಷರದ ಪಟ್ಟಿಗಳನ್ನು ತರಿಸಿ ಚುಚ್ಚತೊಡಗಿದಳು. ಗಿರಾಕಿಗಳಿಗೆ ಅದೇ ಚೆಂದ ಕಂಡಿತು. ಸಂತೆಯ ದಿನ ಮಾಸ್ತರು ಎದುರಿಗೆ ಬಂದರೆ ಆಕೆ ದಾರಿ ಬದಲಿಸುತ್ತಿದ್ದಳು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಮರುವರ್ಷ ದೀಪಾವಳಿಗೆ ಎರಡು ದಿನ ಇರುವಾಗ ಆಕೆ ಚಾಕಲೇಟ್ ತುಂಬಿದ ಕರಿಗಡಬು ಕರಿಯುತ್ತಿದ್ದಳು. ಮಾಸ್ತರ ಸೊಸೆ ಶೈಲಾ ಬಂದು ಹೊಸ್ತಿಲಲ್ಲಿ ನಿಂತಳು.

"ಅಕ್ಕಾರ, ಒಂದು ಕೆಲಸ ಇತ್ತು."

"ಬಾ ತಂಗಿ, ಕುಂದ್ರು. ಎಷ್ಟು ಬೇಕಾಗಿದ್ದವು?"

"ಕರಿಗಡಬಲ್ಲ ಅಕ್ಕಾರ. ಮಾವಾರಿಗೆ."

ಮಾಸ್ತರಿಗೆ ಗಂಟಲಿನ ಕ್ಯಾನ್ಸರ್ ಎಂದು ಊರಿಗೆಲ್ಲ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಕರೆಂಟಿನ ಚಿಕಿತ್ಸೆ, ಅಂದರೆ ರೇಡಿಯೇಶನ್, ಕೊಡಿಸಿ ಕರೆದುಕೊಂಡು ಬಂದಿದ್ದರು. ದನಿ ಹೋಗಿತ್ತು. ಮೂಗಿನಿಂದ ಹಾಕಿದ ನಳಿಗೆಯನ್ನು ಎರಡು ಸಲ ಅವರೇ ಕಿತ್ತು ಹಾಕಿದ್ದರು. ಅನ್ನದ ಗಂಜಿ, ರವೆ, ರಾಗಿ ಯಾವುದೂ ಬಾಯಿಗೆ ಸೇರುತ್ತಿರಲಿಲ್ಲ. ಎಲ್ಲವೂ ಕಬ್ಬಿಣ ನೆಕ್ಕಿದಂತೆ ಆಗುತ್ತದೆ ಎಂದು ಬರೆದು ತೋರಿಸುತ್ತಿದ್ದರು.

"ದವಾಖಾನಿಯಾಗ ನರ್ಸ್ ಒಬ್ಬಾಕಿ ಚಾಕಲೇಟ್ ಐಸ್‌ಕ್ರೀಮ್ ಒಂದು ಚಮಚಾ ಕೊಟ್ಟಿದ್ಲು" ಎಂದಳು ಶೈಲಾ. "ಅದೊಂದನ್ನ ನುಂಗಿದ್ರು. ಮನ್ಯಾಗ ಐಸ್‌ಕ್ರೀಮ್ ಕೊಟ್ರ ಕೆಮ್ಮು ಹತ್ತೇತಿ. ಮೆತ್ತಗ, ಚಾಕಲೇಟಿಂದು, ಒಂದೇನರ ಮಾಡಾಕ ಬರ್ತದೇನ್ರಿ? ಡಾಕ್ಟರ್ ಕೊಡ್ರಿ ಅಂದಾರ."

"ನನ್ನ ಕಡೆ ಕೇಳು ಅಂತ ಅವರ ಹೇಳಿದ್ರೇನು?"

"ಇಲ್ರಿ. ನಾನ ಬಂದೆ. ನಾಕು ದಿನಾತು, ಹೊಟ್ಟಿಗೇನೂ ಹೋಗಿಲ್ರಿ."

ಶಿವಗಂಗವ್ವ ಕರಿಗಡಬನ್ನು ಎಣ್ಣೆಯಲ್ಲಿ ಮಗುಚಿ ಹಾಕಿದಳು. "ಹಬ್ಬದ ಕೆಲಸ ಭಾಳ ಐತಿ ತಂಗಿ. ನೋಡ್ತೇನಿ" ಎಂದಳು. ಶೈಲಾ ತಿರುಗಿ ಹೋದಳು.

ಹೋದ ಮೇಲೆ ಆಕೆ ನಾಜಿಮಾಳನ್ನು ಕರೆದು ಎಲ್ಲ ಹೇಳಿದಳು. ಶಾಲೆಯಲ್ಲಿ ಆದದ್ದು ನಾಜಿಮಾಳಿಗೆ ಗೊತ್ತಿತ್ತು. "ಮಾಡಬ್ಯಾಡ ಬಿಡು ಅಕ್ಕಾ. ಯಾರೂ ಏನೂ ಅನ್ನಂಗಿಲ್ಲ" ಎಂದಳು.

"ನಾಕು ದಿನಾತು, ಹೊಟ್ಟಿಗೇನೂ ಇಲ್ಲಂತ" ಎಂದಳು ಶಿವಗಂಗವ್ವ. ಸಂಜೆ ಹಾಲು ಕಾಸಲು ಇಟ್ಟಳು.

ಹಾಲಿಗೆ ಕೋಕೋ, ಸಕ್ಕರೆ, ಕಾರ್ನ್‌ಫ್ಲೋರ್ ಹಾಕಿ ಕುದಿಸಿ, ಕಡೆಗೆ ಬೆಣ್ಣೆ ಹಾಕಿದಳು. ಮಕ್ಕಳಿಗೆ ಬಟ್ಟಲಲ್ಲಿ ಹಾಕಿ ಕೊಡುವುದನ್ನೇ ಸ್ವಲ್ಪ ತೆಳ್ಳಗೆ ಮಾಡಿದ್ದು. ಮರುದಿನ ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋದಳು. ಮಾಸ್ತರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅರ್ಧದಷ್ಟಾಗಿದ್ದರು. ತೊಡೆಯ ಮೇಲೆ ಮಕ್ಕಳ ಪಾಟಿ ಮತ್ತು ಬಳಪ. ಆಕೆಯನ್ನು ನೋಡಿ ತಲೆ ಆಡಿಸಿದರು. ಶೈಲಾ ಒಂದು ಚಮಚ ಬಾಯಿಗಿಟ್ಟಳು. ಅವರು ಮುಖ ಕಿವುಚಿ ಕೈಯಿಂದ ಬಟ್ಟಲನ್ನು ದೂಡಿದರು.

ಶಿವಗಂಗವ್ವ ಡಬ್ಬಿಯ ಮುಚ್ಚಳ ಹಾಕಿ ಎದ್ದಳು. ಅಷ್ಟರಲ್ಲಿ ಮಾಸ್ತರು ಪಾಟಿಯ ಮೇಲೆ ಒಂದು ಶಬ್ದ ಬರೆದು ಆಕೆಯ ಕಡೆ ತಿರುಗಿಸಿದರು. "ಗಂಟು" ಎಂದಿತ್ತು.

ಆಕೆ ಬೆರಳಿನಿಂದ ಮುಟ್ಟಿ ನೋಡಿದಳು. ಸಾಸಿವೆಯಷ್ಟು ಸಣ್ಣ ಗಂಟುಗಳಿದ್ದವು. ಒಳ್ಳೆಯ ಗಂಟಲಿಗೆ ಅವು ತಿಳಿಯುವಂಥವಲ್ಲ.

"ನಾಳೆ ಸೋಸಿ ತರ್ತೇನ್ರಿ" ಎಂದಳು.

ಮರುದಿನ ಮಲ್ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ ತಂದಳು. ಮಾಸ್ತರು ನಾಲ್ಕು ಚಮಚ ನುಂಗಿದರು. ಒಂದೊಂದಕ್ಕೂ ಕಣ್ಣು ಮುಚ್ಚಿ ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಬರೆದರು: "ಸಿಹಿ ತಿಳಿಯುವುದಿಲ್ಲ. ಕಹಿ ತಿಳಿಯುತ್ತದೆ. ಅದೇ ರುಚಿ." ಮೂರನೆಯ ದಿನ ಆಕೆ ಸಕ್ಕರೆ ಇಳಿಸಿ ಕೋಕೋ ಏರಿಸಿದಳು. ಅವತ್ತು ಅರ್ಧ ಬಟ್ಟಲು ಹೋಯಿತು. ಶೈಲಾ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದಳು.

ಹೀಗೆ ಆಕೆ ದಿನಾ ಹತ್ತು ಗಂಟೆಗೆ ಹೋಗತೊಡಗಿದಳು. ತೀರ ತೆಳ್ಳಗಾದರೆ ಕೆಮ್ಮು ಬರುತ್ತಿತ್ತು, ಗಟ್ಟಿಯಾದರೆ ಇಳಿಯುತ್ತಿರಲಿಲ್ಲ. ಚಮಚದಿಂದ ನಿಧಾನಕ್ಕೆ ಜಾರುವ ಹದ ಒಂದಿತ್ತು, ಅದನ್ನು ಹಿಡಿಯಲು ಒಂದು ವಾರ ಬೇಕಾಯಿತು. ಮಾಸ್ತರು ಸುಮ್ಮನೆ ತಿನ್ನುವವರಲ್ಲ. ಕೋಕೋ ಪುಡಿಯ ಪೊಟ್ಟಣ ತರಿಸಿ ಭೂತಗನ್ನಡಿ ಹಿಡಿದು ಓದಿದರು. ಇದು ಯಾವ ಗಿಡದ್ದು, ಕಾಯಿ ಹೇಗಿರುತ್ತದೆ ಎಂದು ಬರೆದು ಕೇಳಿದರು. ಆಕೆಗೆ ಗೊತ್ತಿರಲಿಲ್ಲ, ನಾಜಿಮಾಳ ಫೋನಿನಲ್ಲಿ ನೋಡಿಕೊಂಡು ಬಂದು ಮರುದಿನ ಹೇಳಿದಳು. ಒಂದು ದಿನ ಅವರು ಕಪಾಟಿನಿಂದ ದಪ್ಪ ನಿಘಂಟು ಇಳಿಸಿ ಚಾಕಲೇಟಿಗೆ ಕನ್ನಡ ಶಬ್ದ ಹುಡುಕಿದರು. ಅರ್ಧ ತಾಸು ಹುಡುಕಿ ಪುಸ್ತಕ ಮುಚ್ಚಿದರು. "ಬೇರೆ ಹೆಸರು ಬೇಡ. ಹೀಗೇ ಇರಲಿ" ಎಂದು ಬರೆದರು.

ಡಿಸೆಂಬರಿನಲ್ಲಿ ಒಂದು ದಿನ ಆಕೆ ಮುಂದಿನ ಓಣಿಗೆ ಮುಟ್ಟಿಸಬೇಕಾದ ಕೇಕನ್ನೂ ಹಿಡಿದುಕೊಂಡು ಬಂದಿದ್ದಳು. ಮಾಸ್ತರು ಪೆಟ್ಟಿಗೆ ತೆರೆದು ತೋರಿಸು ಎಂದು ಸನ್ನೆ ಮಾಡಿದರು. ಕರಿ ಕೇಕಿನ ಮೇಲೆ ಚಿನ್ನದ ಬಣ್ಣದ ಇಂಗ್ಲಿಷ್ ಪಟ್ಟಿ ಚುಚ್ಚಿತ್ತು. ಅವರು ಬರೆದರು: "ಕನ್ನಡದಲ್ಲಿ ಯಾಕಿಲ್ಲ?"

ಶಿವಗಂಗವ್ವ ಪೆಟ್ಟಿಗೆ ಮುಚ್ಚಿದಳು. "ನೀವ ಬಿಡಿಸಿದ್ರಲ್ರಿ. ಸಾಲ್ಯಾಗ, ಅಷ್ಟು ಮಂದಿ ಮುಂದ. ಅವತ್ತಿನಿಂದ ಬರದಿಲ್ಲ ನಾನು."

ಮಾಸ್ತರು ಆಕೆಯ ಮುಖವನ್ನೇ ನೋಡಿದರು. ಹುಬ್ಬು ಗಂಟಿಕ್ಕಿತು. "ನೆನಪಿಲ್ಲ" ಎಂದು ಬರೆದರು.

ಬೇರೆ ಯಾವ ಉತ್ತರಕ್ಕಾದರೂ ಆಕೆ ತಯಾರಾಗಿದ್ದಳು, ಇದಕ್ಕೆ ಆಗಿರಲಿಲ್ಲ. ಇಷ್ಟು ದಿನ ಆಕೆ ದಾರಿ ಬದಲಿಸಿ ನಡೆದಿದ್ದಳು; ಅವರಿಗೆ ಆ ದಿನವೇ ನೆನಪಿರಲಿಲ್ಲ. ಆಕೆ ಒಂದೊಂದಾಗಿ ಎಲ್ಲ ಹೇಳಿದಳು. ಅವರು ಆಡಿದ ಮಾತು, ಮಕ್ಕಳು ನಕ್ಕದ್ದು, ತುಂಡು ಬೇಡವೆಂದದ್ದು. ಹೇಳುವಾಗ ದನಿ ಏರಿತು. ಶೈಲಾ ಅಡುಗೆಮನೆಯ ಬಾಗಿಲಿಗೆ ಬಂದು ಅಲ್ಲೇ ನಿಂತಳು.

ಮಾಸ್ತರು ಪಾಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರುವ ತನಕ ಕಾದು, ನಿಧಾನವಾಗಿ ಬರೆದರು. "ತಪ್ಪು ತಿದ್ದಿದ್ದು ಸರಿ. ಜನರ ಮುಂದೆ ತಿದ್ದಿದ್ದು ತಪ್ಪು."

ಶಿವಗಂಗವ್ವ ಅದನ್ನು ಎರಡು ಸಲ ಓದಿದಳು. "ಆತ್ರಿ" ಎಂದಳು. ಡಬ್ಬಿ ತೆಗೆದುಕೊಂಡು ಕೇಕು ಮುಟ್ಟಿಸಲು ಹೋದಳು.

ಮರುದಿನ ಆಕೆಗಾಗಿ ಒಂದು ಹಾಳೆ ಕಾದಿತ್ತು. ಮಾಸ್ತರು ದುಂಡಗೆ ಬರೆದ ಅಕ್ಷರಗಳು. ಹುಟ್ಟುಹಬ್ಬಕ್ಕೆ, ಮದುವೆಗೆ, ತೊಟ್ಟಿಲಿಗೆ, ನಿವೃತ್ತಿಗೆ ಏನೇನು ಬರೆಯಬಹುದು ಎಂದು ಬೇರೆ ಬೇರೆ ಸಾಲು. ಆ ವಾರದಿಂದ ಆಕೆ ಮತ್ತೆ ಬರೆಯತೊಡಗಿದಳು. ಬರೆದದ್ದನ್ನು ಫೋಟೋ ತೆಗೆದು ಮಾಸ್ತರಿಗೆ ತೋರಿಸುತ್ತಿದ್ದಳು. ಒಮ್ಮೆ ಮಾತ್ರ ಅವರು ಒಂದು ಒತ್ತಕ್ಷರದ ಕೆಳಗೆ ಉಗುರಿನಿಂದ ಗೆರೆ ಎಳೆದರು. ಆಗ ಪಡಸಾಲೆಯಲ್ಲಿ ಅವರಿಬ್ಬರೇ ಇದ್ದರು.

ಜನವರಿಯ ಕೊನೆಗೆ ಗಂಜಿಯೂ ಇಳಿಯದಾಯಿತು. ಅರ್ಧ ಬಟ್ಟಲು ನಾಲ್ಕು ಚಮಚಕ್ಕೆ ಬಂತು, ಆಮೇಲೆ ಒಂದಕ್ಕೆ. ಆದರೂ ಆಕೆ ಹೋಗುವುದನ್ನು ಬಿಡಲಿಲ್ಲ. ಬೆರಳಿಗೆ ಹಚ್ಚಿ ತುಟಿಗೆ ಸವರುತ್ತಿದ್ದಳು. ಫೆಬ್ರುವರಿ ಒಂಬತ್ತರಂದು ಬೆಳಿಗ್ಗೆ ಮಾಸ್ತರು ತೀರಿಕೊಂಡರು. ಶಿವಗಂಗವ್ವ ಗಂಜಿ ಸೋಸುತ್ತಿದ್ದಾಗ ಸಂಗನಬಸವ ಬಂದು ಹೇಳಿದ. ಆಕೆ ಒಲೆ ಆರಿಸಿ, ಕೈ ತೊಳೆದುಕೊಂಡು ಹೊರಟಳು.

ಮಾಸ್ತರ ಹೆಸರಿನಲ್ಲಿ ಊರಿಗೆ ಊಟ ಹಾಕುವ ದಿನ ಹತ್ತಿರ ಬಂದಾಗ ಶೈಲಾಳಿಗೆ ಒಂದು ಆಸೆ ಹುಟ್ಟಿತು. ಆ ಗಂಜಿಯನ್ನೇ ಒಂದೊಂದು ಸಣ್ಣ ಬಟ್ಟಲು ಎಲ್ಲರಿಗೂ ಕೊಡಬೇಕು ಎಂದಳು. ಅವಳ ಗಂಡ ಹೇಮಂತ, ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಅವನೂ ಒಪ್ಪಿದ. ಇಬ್ಬರೂ ಗಿರಣಿಗೆ ಬಂದು ಕೇಳಿದರು.

"ಬ್ಯಾಡ" ಎಂದಳು ಶಿವಗಂಗವ್ವ. "ಹುಗ್ಗಿ ಮಾಡ್ರಿ. ಸತ್ತವರ ದಿನದ ಊಟಕ್ಕ ಚಾಕಲೇಟ್ ಹಾಕಿದ್ರು ಅಂತ ಮಂದಿ ನಗತಾರ. ಅವರ ಹೆಸರಿನ ಮ್ಯಾಲ ಯಾರೂ ನಗೂದು ಬ್ಯಾಡ."

"ನಿಮಗ ಕೆಟ್ಟನಸೂದಿಲ್ಲೇನ್ರಿ?" ಎಂದು ಶೈಲಾ ಕೇಳಿದಳು.

"ಯಾಕ ಅನಸಬೇಕು? ಅವರ ಸಲುವಾಗಿ ಮಾಡಿದ್ದೆ, ಅವರು ತಿಂದ್ರು."

ಆ ದಿನ ಆಕೆ ಉಳಿದ ಹೆಂಗಸರ ಜೊತೆ ನಿಂತು ಗೋಧಿ ಹುಗ್ಗಿ ಕೈಯಾಡಿಸಿದಳು.

ಬೇಸಿಗೆ ಕಳೆಯುವ ಹೊತ್ತಿಗೆ ಸಂಶಿಯಿಂದ ಒಬ್ಬ ರೈತ ಗಿರಣಿಗೆ ಬಂದ. ಹೊಳೆಯಪ್ಪ ಎಂದು ಹೆಸರು. ಕೈಯಲ್ಲಿ ಬೀಸಲು ಜೋಳವಿರಲಿಲ್ಲ. ತಾಯಿಗೆ ಕ್ಯಾನ್ಸರ್ ಚಿಕಿತ್ಸೆಯಿಂದ ಬಾಯೆಲ್ಲ ಹುಣ್ಣಾಗಿದೆ, ಮಾಸ್ತರಿಗೆ ಮಾಡಿದ್ದನ್ನು ಮಾಡಿಕೊಡಬೇಕು ಎಂದ. ಆಕೆ ಮಾಡಿ, ಅವನ ಹೆಂಡತಿಯನ್ನು ಕರೆಸಿ ಮಾಡುವುದನ್ನೂ ಕಲಿಸಿದಳು. ಆಮೇಲೆ ಕುಂದಗೋಳದಿಂದ ಬಂದರು, ಲಕ್ಷ್ಮೇಶ್ವರದಿಂದಲೂ ಬಂದರು. ಡಾಕ್ಟರು ಹೂಂ ಅಂದ ಚೀಟಿ ತೋರಿಸದಿದ್ದರೆ ಆಕೆ ಒಲೆ ಹಚ್ಚುವುದಿಲ್ಲ. ಚೀಟಿ ಇಲ್ಲದೆ ಬಂದ ತನ್ನ ಸ್ವಂತ ಮಾವನ ಮಗನನ್ನೇ ಹಿಂದೆ ಕಳಿಸಿದ್ದಾಳೆ. ಈಗ ಆಕೆಯ ಬೆಳಗಿನ ಹೊತ್ತು ರೋಗಿಗಳಿಗೆ, ಮಧ್ಯಾಹ್ನ ಹುಟ್ಟುಹಬ್ಬಗಳಿಗೆ. ಎರಡಕ್ಕೂ ಬೇರೆ ಪಾತ್ರೆ ಇಟ್ಟಿದ್ದಾಳೆ. ಕೆಲವರು ಎರಡಕ್ಕೂ ಬರುತ್ತಾರೆ. ಗಂಜಿ ತಿಂದು ಎದ್ದು ಕೂತ ಒಬ್ಬ ಹೆಂಗಸು ಮೊಮ್ಮಗನ ಹುಟ್ಟುಹಬ್ಬಕ್ಕೆ ಕೇಕು ಒಯ್ದಳು. ಏಳದೇ ಹೋದವರ ಮನೆಗೆ ಶಿವಗಂಗವ್ವ ಒಮ್ಮೆ ಹೋಗಿ ಕೂತು ಬರುತ್ತಾಳೆ. 

ಕಳೆದ ಚಳಿಗಾಲದಲ್ಲಿ ನಾಜಿಮಾಳ ಸೋದರತ್ತೆ ಜುಲೇಖಾಬಿಗೆ ಬಾಯಿಯ ಆಪರೇಷನ್ ಆಯಿತು. ಅವರು ಯಮನೂರಿನವರು. ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ ಬೇರೆ. ಡಾಕ್ಟರನ್ನು ಕೇಳಿ ಸಕ್ಕರೆಯೇ ಇಲ್ಲದ ಗಂಜಿ ಮಾಡಬೇಕಾಯಿತು. ಅವರ ಸೊಸೆಗೆ ಕಲಿಸಿದರೂ ಜುಲೇಖಾಬಿ ಗುಡಗೇರಿಯ ಕೈಯದೇ ಬೇಕೆನ್ನುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಗುರುವಾರ ಶಿವಗಂಗವ್ವ, ನಾಜಿಮಾ ಇಬ್ಬರೂ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಡಬ್ಬಿ ಒಯ್ಯುತ್ತಿದ್ದರು.

ಆರನೆಯ ಸಲ ಹೋದಾಗ ಜುಲೇಖಾಬಿ ಜಗುಲಿಯಲ್ಲಿ ಕೂತು ಬೇಳೆಯಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಿದ್ದರು.

"ಶಿವಗಂಗಾ, ಬಾರವಾ" ಎಂದರು. ಮಾತು ಸ್ವಲ್ಪ ತೊದಲುತ್ತಿತ್ತು. "ನಿನ್ನ ಗಂಜಿ ಅಗದೀ ಚಲೋ ಐತಿ. ಆದ್ರ ಇನ್ನ ತರಬ್ಯಾಡ. ರೊಟ್ಟಿ ಇಳಿಯಾಕತ್ತೈತಿ ನನಗ. ಅದರ ಹೆಸರು ತಗದ್ರ ಈಗ ದವಾಖಾನಿ ನೆನಪಾಕೈತಿ."

"ಬಿಡ್ರಿ ಹಂಗಾರ. ಚಲೋ ಆತು" ಎಂದಳು ಶಿವಗಂಗವ್ವ. ಇಬ್ಬರೂ ಅಲ್ಲೇ ಊಟ ಮಾಡಿ ಮೂರರ ಹೊತ್ತಿಗೆ ಬಸ್ಸು ನಿಲ್ಲುವ ಕಡೆ ಬಂದರು. ಬಸ್ಸು ತಡವಿತ್ತು. ಡಬ್ಬಿ ಭಾರವಾಗಿತ್ತು. ನಾಜಿಮಾ ಚೀಲದಿಂದ ಚಮಚ ತೆಗೆದು ಮುಚ್ಚಳ ಬಿಚ್ಚಿದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಒಂದೇ ಚಮಚದಲ್ಲಿ ತಿಂದರು.

"ಅಯ್ಯ, ಸಕ್ಕರೀನ ಇಲ್ಲಲ್ಲಕ್ಕಾ ಇದರಾಗ" ಎಂದಳು ನಾಜಿಮಾ.

"ನಿನಗ ಮಾಡಿದ್ದಲ್ಲ ಬೇ ಅದು. ಸುಮ್ಮನ ತಿನ್ನು" ಎಂದಳು ಶಿವಗಂಗವ್ವ.

ಹುಬ್ಬಳ್ಳಿಯ ಬಸ್ಸು ಬರುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು.